ಮೂಲೆ ಕತ್ತರಿಸಿದ ಪಾಕೀಟು

ಅಂಚೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಸಿಕ್ಕಾಗ ಕೇಳುವುದು ಒಂದೇ ಮಾತು: ‘ಕಾಕಾ, ಆವಾಗ ಕಂಪ್ಯೂಟರ್ ಇರಲಿಲ್ಲ, ಹ್ಯಾಂಗ ಮಾಡತಿದ್ರಿ?’ ಮಾಡುತ್ತಿದ್ದೆವಪ್ಪ. ಸಣ್ಣದೊಂದು ತಕ್ಕಡಿ, ಠಸ್ಸೆ, ಅರಗು, ಗೋಂದಿನ ಬಾಟಲಿ. ಇಷ್ಟನ್ನು ಕಲಿಯಲು ಎಂಟು ದಿನ ಸಾಕು, ಜಾಣನಿದ್ದರೆ ನಾಲ್ಕು. ನನಗೆ ವರ್ಷಗಟ್ಟಲೆ ಹಿಡಿದದ್ದು ಬೇರೆ. ಕಾಗದ ಬಂದರೂ ಜನ ಹೆದರುತ್ತಾರೆ, ಬರದಿದ್ದರೂ ಹೆದರುತ್ತಾರೆ. ಆ ಎರಡು ಹೆದರಿಕೆಗಳ ನಡುವೆ ಚೀಲ ಹಿಡಿದು ನಿಂತವನಿಗೂ ತನ್ನದೇ ಒಂದು ಹೆದರಿಕೆ ಇರುತ್ತದೆ. ಇದನ್ನು ಯಾವ ಟ್ರೇನಿಂಗಿನಲ್ಲೂ ಹೇಳಿಕೊಡುವುದಿಲ್ಲ, ಅದಕ್ಕೇ ಬರೆಯಲು ಕುಳಿತೆ.

ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಬ್ರ್ಯಾಂಚ್ ಪೋಸ್ಟ್‌ಮಾಸ್ತರನಾಗಿದ್ದೆ. ತಿರ್ಲಾಪುರದ ಆಚೆ ಎಂದುಕೊಳ್ಳಿ, ಊರಿನ ಹೆಸರು ಬೇಡ. ಮಾಸ್ತರ ಎನ್ನುವುದು ಬೋರ್ಡಿಗೆ ಮಾತ್ರ. ಕಸ ಹೊಡೆಯುವವನೂ ನಾನೇ, ನವಲಗುಂದದ ಬಸ್ಸಿನಿಂದ ಚೀಲ ಇಳಿಸಿಕೊಳ್ಳುವವನೂ ನಾನೇ, ಎರಿ ಮಣ್ಣು ತುಳಿದು ಓಣಿ ಓಣಿಗೆ ಟಪಾಲು ಹಂಚುವವನೂ ನಾನೇ. ಓದು ಬಾರದವರಿಗೆ ಕಾಗದ ಓದಿ ಹೇಳುವುದು, ಅವರು ಹೇಳಿದ್ದನ್ನು ಬರೆದು ಕೊಡುವುದು ಇಲಾಖೆ ಹೇಳಿದ ಕೆಲಸವಲ್ಲ. ಆದರೆ ಹಳ್ಳಿಯಲ್ಲಿ ಅದೇ ನಿಜವಾದ ಕೆಲಸ.

ಮೊದಲ ವರ್ಷದ ಒಂದು ಪೆದ್ದತನ ಹೇಳುತ್ತೇನೆ. ನಮ್ಮ ಕಡೆ ಸಾವಿನ ಸುದ್ದಿಯ ಕಾರ್ಡಿನ ಒಂದು ಮೂಲೆ ಹರಿದು ಕಳಿಸುವ ಪದ್ಧತಿ ಇತ್ತು. ಮೂಲೆ ಹರಿದಿದೆ ಎಂದರೆ ಓದುವ ಮೊದಲೇ ಗೊತ್ತಾಗಬೇಕು. ಅಂಥ ಕಾರ್ಡನ್ನು ಹೊಸ್ತಿಲ ಒಳಗೆ ಒಯ್ಯುವುದಿಲ್ಲ, ಹೊರಗೇ ಓದಿ ಹರಿದು ಒಗೆಯುತ್ತಾರೆ. ಶುಭ ಸುದ್ದಿಯ ಕಾಗದಕ್ಕೆ ಅರಿಷಿಣ ಕುಂಕುಮ. ಒಂದು ದಿನ ನಾನು ಒಂದು ಮನೆಗೆ ಮೂಲೆ ಹರಿದ ಕಾರ್ಡನ್ನೂ ಕುಂಕುಮ ಹಚ್ಚಿದ ಲಗ್ನಪತ್ರಿಕೆಯನ್ನೂ ಒಂದೇ ಕೈಯಲ್ಲಿ ಹಿಡಿದು ಕೊಟ್ಟೆ. ಆ ಮನೆಯ ಮುದುಕಿ ‘ಎರಡೂ ಕೂಡಿಸಿ ತಂದಿಯಲ್ಲೋ ಮೂಳ, ನಿಮ್ಮ ಮನ್ಯಾಗ ಹಿರೇರು ಸತ್ತಾರೇನು?’ ಎಂದು ಕೊಡದ ನೀರು ನನ್ನ ಮೈಮೇಲೆ ಸುರುವಿದಳು. ಅಂದಿನಿಂದ ಮೂಲೆ ಹರಿದದ್ದನ್ನು ಅಂಗಿಯ ಎಡಗಿಸೆಯಲ್ಲಿ ಬೇರೆಯಾಗಿ ಇಡತೊಡಗಿದೆ. ಕೆಲವೇ ತಿಂಗಳಲ್ಲಿ ಊರಿಗೆ ಅದೂ ಗೊತ್ತಾಯಿತು. ಬೆವರು ಒರೆಸಲು ವಸ್ತ್ರಕ್ಕೆಂದು ಎಡಗಿಸೆಗೆ ಕೈ ಹಾಕಿದರೂ ಕಟ್ಟೆಯ ಮೇಲೆ ಕೂತ ಹೆಂಗಸರು ಎದ್ದು ನಿಲ್ಲುತ್ತಿದ್ದರು.

ಇನ್ನು ಮೇಲಿನವರ ವಿಷಯ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಕೆಟ್ಟವರಲ್ಲ, ಆದರೆ ಅವರ ಜೀಪಿನ ಸಪ್ಪಳ ಕೇಳಿದರೆ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಬಾಜೂ ಊರಿನಲ್ಲಿ ಇಲಿ ಟಪಾಲು ಕಡಿದದ್ದಕ್ಕೆ ಅಲ್ಲಿಯ ಮಾಸ್ತರನನ್ನು ಸಸ್ಪೆಂಡ್ ಮಾಡಿ ಆರು ತಿಂಗಳು ಮನೆಗೆ ಕೂಡಿಸಿದ್ದರು. ಅವನು ‘ಇಲಿ ಕಡೀತ್ರಿ ಸಾಹೇಬ್ರ’ ಎಂದಾಗ ಅವರು, ‘ಇಲಿ ಸರಕಾರಿ ನೌಕರ ಅಲ್ಲ, ನೀನು ನೌಕರ’ ಎಂದರಂತೆ. ಅವರದೇ ಇನ್ನೊಂದು ಅಪ್ಪಣೆ ಇತ್ತು: ಪರದೇಶಕ್ಕೆ ಹೋಗುವ ಪಾಕೀಟಿಗೆ ಅರಿಷಿಣ ಕುಂಕುಮ ಹಚ್ಚಬಾರದು, ಉಳಿದ ಟಪಾಲು ಹೊಲಸಾಗುತ್ತದೆ. ಆ ಅಪ್ಪಣೆ ಬಂದಾಗ ನಾನು ನಕ್ಕಿದ್ದೆ. ನಮ್ಮ ಊರಿನಿಂದ ಪರದೇಶಕ್ಕೆ ಹೋದವರು ಯಾರಿದ್ದರು?

ಎಂಬತ್ತರ ದಶಕದ ನಡುವಿನಲ್ಲಿ ಒಬ್ಬ ಹೋದ. ಗೌಂಡಿ ಫಕೀರಪ್ಪ. ಅವನ ತಾಯಿ ನೀಲವ್ವ ಯಮನೂರು ದರ್ಗಾಕ್ಕೆ ಬೇಡಿಕೊಂಡು ಹೆತ್ತ ಒಬ್ಬನೇ ಮಗ, ಅದಕ್ಕೇ ಆ ಹೆಸರು. ಏಳನೆಯ ಇಯತ್ತೆ ಕಲಿತಿದ್ದ, ಗೋಡೆ ಕಟ್ಟಿದರೆ ದಾರ ಹಿಡಿದು ನೋಡಬೇಕಾಗಿರಲಿಲ್ಲ. ಹುಬ್ಬಳ್ಳಿಯ ಏಜೆಂಟನೊಬ್ಬ ವರ್ಷದ ಕರಾರಿನ ಮೇಲೆ ಅವನನ್ನು ಇರಾಕಿಗೆ ಕಳಿಸಿದ. ಅಲ್ಲಿ ಆಗ ಯುದ್ಧ ನಡೆದಿತ್ತು. ಯುದ್ಧ ಗಡಿಯಲ್ಲಿ, ಕೆಲಸ ದೂರದಲ್ಲಿ ಎಂದು ಏಜೆಂಟ ನಂಬಿಸಿದ್ದ. ಹೆಂಡತಿ ಶಾಂತವ್ವ ಆಗ ನಾಲ್ಕು ತಿಂಗಳ ಬಸುರಿ. ಹಿಂದಿನ ಎರಡು ಕೂಸುಗಳು ಹುಟ್ಟುತ್ತಲೇ ಹೋಗಿದ್ದವು, ಎರಡನೆಯದರ ಹೊತ್ತಿಗೆ ಅವಳೂ ಹೋಗಿ ಬಂದಂತಾಗಿದ್ದಳು. ಹೊರಡುವ ದಿನ ಫಕೀರಪ್ಪ ನನ್ನ ಹತ್ತಿರ ಬಂದು, ‘ಮಾಸ್ತರ್ರ, ಇವರಿಬ್ಬರಿಗೂ ಅಕ್ಷರ ಬರೂದಿಲ್ಲ. ನನಗೂ ಅವರಿಗೂ ನಡಕ ನೀವ ಅದೀರಿ’ ಎಂದ. ನಾನು ಹೆಮ್ಮೆಯಿಂದ ಒಪ್ಪಿಕೊಂಡೆ.

ತಿಂಗಳಿಗೆ ಒಂದು ಕಾಗದ ಬರುತ್ತಿತ್ತು. ನೀಲವ್ವ, ಶಾಂತವ್ವ ಕಚೇರಿಯ ಮುಂದಿನ ಕಟ್ಟೆಗೆ ಬಂದು ಕೂಡುವರು, ನಾನು ದೊಡ್ಡ ದನಿಯಲ್ಲಿ ಓದುವವನು. ಅಲ್ಲಿ ಊಟ ಚಲೋ ಐತಿ, ಹಾಸಿಗೆ ಚಲೋ ಐತಿ, ಬಿಸಿಲು ನಮ್ಮೂರಿಗಿಂತ ಸ್ವಲ್ಪ ಹೆಚ್ಚು. ಎಲ್ಲ ಚಲೋ. ಆದರೆ ಪ್ರತಿ ಕಾಗದದ ಕೆಳಗೂ ಒಂದು ಗೆರೆ ಎಳೆದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಿದ್ದ: ‘ಮಾಸ್ತರ್ರ, ಇಲ್ಲಿಂದ ಮುಂದಿಂದು ನಿಮಗಷ್ಟ. ಓದಿ ಹೇಳಬ್ಯಾಡ್ರಿ.’

ಗೆರೆಯ ಕೆಳಗಿನ ಫಕೀರಪ್ಪ ಬೇರೆಯೇ ಮನುಷ್ಯ. ತಗಡಿನ ಶೆಡ್ಡಿನಲ್ಲಿ ನಲವತ್ತು ಜನ, ಕನ್ನಡದವ ಇವನೊಬ್ಬನೇ. ಕೆಲಸವಿದ್ದ ದಿನ ಹೇಗೋ ಹೋಗುತ್ತದೆ, ಶುಕ್ರವಾರ ಸೂಟಿ, ಅದೇ ಕೆಟ್ಟದ್ದು ಎಂದು ಬರೆದಿದ್ದ. ಗೋಡೆ ಕಟ್ಟುವಾಗ ಇಟ್ಟಂಗಿಗಳನ್ನು ಕನ್ನಡದಲ್ಲಿ ಎಣಿಸುತ್ತಾನಂತೆ, ಜೋರಾಗಿ, ತನ್ನ ದನಿ ತನಗೇ ಕೇಳಲಿ ಎಂದು. ‘ವಿಮಾನದ ಸಪ್ಪಳ ಆದ್ರ ಎಲ್ಲಾರೂ ತಮ್ಮ ತಮ್ಮ ಮಾತಿನ್ಯಾಗ ದೇವರನ್ನ ಕರೀತಾರ್ರಿ. ನಾ ಕರದ್ರ ಯಾರಿಗೂ ತಿಳಿಯೂದಿಲ್ಲ. ಇಲ್ಲಿ ಸತ್ರ ಇವ ಏನಂದು ಸತ್ತ ಅಂತ ಹೇಳೂವ್ರೂ ಇಲ್ಲ’ ಎಂದು ಒಮ್ಮೆ ಬರೆದಿದ್ದ. ಅದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ. ನಾನು ಗೆರೆಯ ಹತ್ತಿರ ಬಂದಾಗ ಕೆಮ್ಮಿ ಕಾಗದ ಮಡಚುತ್ತಿದ್ದೆ. ನೀಲವ್ವ ಚುರುಕು ಕಣ್ಣಿನವಳು. ‘ಇನ್ನೂ ನಾಕ ಸಾಲ ಅದಾವಲ್ಲೋ ತಮ್ಮಾ?’ ಎಂದರೆ ‘ಅದು ಅವನ ಪತ್ತೆ ಯವ್ವಾ, ವಿಳಾಸ’ ಎನ್ನುತ್ತಿದ್ದೆ. ‘ಭಾಳ ಉದ್ದ ಪತ್ತೆ ಬಿಡ’ ಎಂದು ಅವಳು ಎದ್ದು ಹೋಗುತ್ತಿದ್ದಳು.

ಶ್ರಾವಣದಲ್ಲಿ ಶಾಂತವ್ವ ಗಂಡು ಕೂಸು ಹೆತ್ತಳು. ತಾಯಿ ಮಗು ಇಬ್ಬರೂ ಅರಾಮ. ನೀಲವ್ವ ಓಡುತ್ತ ಬಂದು ಕಾಗದ ಬರೆಸಿದಳು. ‘ಹೆಸರು ಅವನ ಬರದು ಕಳಸ್ಲಿ. ಅಲ್ಲೀತನ ಕೂಸು ಅಂತನ ಕರೀತೀವಿ’ ಎಂದಳು. ಸೆರಗಿನ ಗಂಟಿನಲ್ಲಿ ಅರಿಷಿಣ ಕುಂಕುಮ ತಂದಿದ್ದಳು. ‘ಪರದೇಶದ ಟಪಾಲಿಗೆ ಹಚ್ಚಬಾರದು ಯವ್ವಾ, ಸಾಹೇಬರ ಅಪ್ಪಣಿ’ ಎಂದು ಬೇಡವೆಂದೆ. ಇಲಾಖೆಯ ಗೋಂದು ಬಂದಿರಲಿಲ್ಲ. ಮನೆಯಲ್ಲಿ ಮೈದಾ ಕುದಿಸಿ ಅಂಟು ಮಾಡಿಕೊಂಡಿದ್ದೆ, ಅದರಿಂದಲೇ ಪಾಕೀಟು ಅಂಟಿಸಿದೆ. ಅಂದಿನ ಬಸ್ಸು ಹೋಗಿತ್ತು. ಪಾಕೀಟನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ತೆಗೆದು ನೋಡಿದರೆ ಅದರ ಒಂದು ಮೂಲೆಯನ್ನು ಇಲಿ ತಿಂದಿತ್ತು. ಮೈದಾ ಎಂದರೆ ಇಲಿಗೆ ಹೋಳಿಗೆ ಇದ್ದಂತೆ. ಒಳಗಿನ ಕಾಗದಕ್ಕೆ ಏನೂ ಆಗಿರಲಿಲ್ಲ, ಪಾಕೀಟಿನ ಮೂಲೆ ಮಾತ್ರ ಜಾಲರಿಯಾಗಿತ್ತು. ನಿಯಮ ಏನೆಂದರೆ ಒಂದು ವರದಿ ಬರೆದು ಮೇಲಿನವರಿಗೆ ತಿಳಿಸಬೇಕು, ಬರೆಸಿದವರನ್ನು ಕರೆದು ಬೇರೆ ಪಾಕೀಟಿಗೆ ಹಾಕಬೇಕು. ಅಂದೇ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬಾಜೂ ಊರಿನ ಮಾಸ್ತರ ಕಣ್ಣ ಮುಂದೆ ಬಂದ. ನಾನು ಕತ್ತರಿ ತೆಗೆದುಕೊಂಡು ಇಲಿ ತಿಂದ ಭಾಗವನ್ನು ನೀಟಾಗಿ ಕತ್ತರಿಸಿ, ಒಳಗಿನಿಂದ ಒಂದು ಚೂರು ಕಾಗದ ಹಚ್ಚಿ ಮುಚ್ಚಿದೆ. ಕೆಲಸ ಚೊಕ್ಕವಾಗಿತ್ತು. ಅದು ಕಾರ್ಡಲ್ಲ, ಪಾಕೀಟು. ಅದರಲ್ಲಿರುವುದು ಹುಟ್ಟಿದ ಸುದ್ದಿ. ಮೂಲೆಯ ಅರ್ಥ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾಲ್ಕಾರು ವರ್ಷ ಎಡಗಿಸೆಯಲ್ಲಿ ಸಾವು ಹೊತ್ತು ತಿರುಗಿದವನಿಗೆ ಹೊಳೆಯಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹೆದರಿದವನ ಕಣ್ಣಿಗೆ ತನ್ನ ಹೆದರಿಕೆ ಒಂದೇ ಕಾಣುತ್ತದೆ. ಸಾಹೇಬರು ಬಂದರು, ಚಹಾ ಕುಡಿದರು, ಹೋದರು. ಪಾಕೀಟೂ ಹೋಯಿತು.

ಅಲ್ಲಿಂದ ಉತ್ತರ ಬರಲಿಲ್ಲ. ಭಾದ್ರಪದ ಹೋಯಿತು, ದಸರೆ ಹೋಯಿತು. ಶಾಂತವ್ವ ದಿನವೂ ಚೀಲ ಒಡೆಯುವ ಹೊತ್ತಿಗೆ ಕೂಸನ್ನು ಕಂಕುಳಲ್ಲಿ ಹೊತ್ತು ಬಂದು ನಿಲ್ಲುತ್ತಿದ್ದಳು. ನಾನು ಚೀಲವನ್ನು ಪೂರಾ ಬೋರಲು ಹಾಕಿ ಜಾಡಿಸಿ ತೋರಿಸುತ್ತಿದ್ದೆ, ಇಲ್ಲದಿದ್ದರೆ ಅವಳು ಹೋಗುತ್ತಿರಲಿಲ್ಲ. ಇನ್ನೊಂದು ಕಾಗದ ಬರೆದೆವು. ಅದಕ್ಕೂ ಉತ್ತರವಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು? ಬಾಂಬು ಬಿದ್ದು ಹೋಗಿದ್ದಾನೆ ಎಂದರು ಕೆಲವರು, ಅಲ್ಲಿಯವಳೊಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದರು ಕೆಲವರು. ಪಂಚಾಯತಿಯ ರೇಡಿಯೋದಲ್ಲಿ ವಾರ್ತೆ ಶುರುವಾದರೆ ಶಾಂತವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಗೆರೆಯ ಕೆಳಗಿನ ಸಾಲುಗಳನ್ನು ಓದಿದವನು ನಾನೊಬ್ಬನೇ. ಆ ಮನುಷ್ಯ ತನ್ನ ಜೀವಕ್ಕೆ ತಾನೇ ಏನಾದರೂ ಮಾಡಿಕೊಂಡನೋ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಯಾರ ಮುಂದೆ ಹೇಳಲಿ?

ಕಾರ್ತಿಕದಲ್ಲಿ ಮೂರನೆಯದನ್ನು ರಜಿಸ್ಟರ್ ಮಾಡಿದೆ, ಎ.ಡಿ. ಕಾರ್ಡು ಹಚ್ಚಿ. ಪಾಕೀಟು ತೆಗೆದುಕೊಂಡವನು ಆ ಕಾರ್ಡಿನ ಮೇಲೆ ಸಹಿ ಮಾಡುತ್ತಾನೆ, ಕಾರ್ಡು ತಿರುಗಿ ನಮಗೆ ಬರುತ್ತದೆ. ಒಂದೂವರೆ ತಿಂಗಳ ಮೇಲೆ ಕಾರ್ಡು ಬಂತು. ಮೇಲೆ ಕನ್ನಡದಲ್ಲಿ ಅವನ ಸಹಿ. ನಾನು ಚಪ್ಪಲಿ ಮೆಟ್ಟದೆ ಅವರ ಮನೆಗೆ ಓಡಿದೆ. ‘ಜೀವ ಐತಿ! ಜೀವ ಐತಿ!’ ಎಂದು ಓಣಿಯಲ್ಲೇ ಕೂಗಿದೆ. ನೀಲವ್ವ ಕಾರ್ಡು ಇಸಿದುಕೊಂಡು ಸಹಿಯ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು ಆಡಿಸಿದಳು. ಆಮೇಲೆ ಕೇಳಿದಳು: ‘ಸಹಿ ಮಾಡಾಕ ಕೈ ಬರತೈತಿ, ನಾಕ ಅಕ್ಷರ ಬರಿಯಾಕ ಬರೂದಿಲ್ಲೇನೋ ತಮ್ಮಾ?’

ಮಗ ಸತ್ತಿದ್ದಾನೆ ಎಂಬ ಹೆದರಿಕೆಯನ್ನು ಅವಳು ನಾಲ್ಕು ತಿಂಗಳು ತಡೆದುಕೊಂಡಿದ್ದಳು. ಮಗ ಬೇಕೆಂದೇ ಬರೆಯುತ್ತಿಲ್ಲ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ. ಊಟ ಬಿಟ್ಟಳು. ಜ್ವರ ಹಿಡಿಯಿತು. ಸಂಕ್ರಮಣದ ಮುಂದೆ ಶಾಂತವ್ವ ಬಂದು, ‘ಅಣ್ಣಾರ, ಯಾವದರ ಹಳೇ ಕಾಗದ ಹೊಸಾದಂತ ಹೇಳಿ ಓದ್ರಿ, ಅತ್ತಿ ಉಳೀವಲ್ಲಳು’ ಎಂದಳು. ನಾನು ವೈಶಾಖದ ಕಾಗದ ಒಯ್ದು ಹಾಸಿಗೆಯ ಹತ್ತಿರ ಕೂತು ಓದಿದೆ. ನಾಲ್ಕು ಸಾಲು ಆಗುವಷ್ಟರಲ್ಲಿ ನೀಲವ್ವ ಕಣ್ಣು ತೆರೆಯದೆ, ‘ಇದು ಬ್ಯಾಸಗೀದು. ಮುಂದ ಬಿಸಲಿಂದು ಬರತೈತಿ’ ಎಂದಳು. ಓದು ಬಾರದವರು ಒಂದು ಸಲ ಕೇಳಿದ್ದನ್ನು ಮರೆಯುವುದಿಲ್ಲ. ನಾನು ಮುಂದೆ ಓದಲಿಲ್ಲ. ಎರಡು ದಿನಕ್ಕೆ ಅವಳು ಹೋದಳು.

ನಾಲ್ಕನೆಯ ಕಾಗದ ತಾಯಿಯ ಸಾವಿನದು. ಬರೆದು ಮುಗಿಸಿ, ಪಾಕೀಟು ಅಂಟಿಸಿ, ಪದ್ಧತಿಯಂತೆ ಮೂಲೆ ತೆಗೆಯಲು ಕತ್ತರಿ ಹಿಡಿದೆ. ಶಾಂತವ್ವ ನನ್ನ ಕೈ ಹಿಡಿದಳು. ‘ಬ್ಯಾಡ್ರಿ. ಅಲ್ಲಿ ಒಬ್ಬಾಂವ ಅದಾನ. ಮೂಲಿ ನೋಡಿ ಎದಿ ಒಡಕೊಂಡ್ರ ಹಿಡಕೊಳ್ಳೂವ್ರು ಯಾರ್ರಿ?’

ಆಗ ನನಗೆ ಹೊಳೆಯಿತು. ಶ್ರಾವಣದ ಬೆಳಿಗ್ಗೆ, ಇದೇ ಮೇಜು, ಇದೇ ಕತ್ತರಿ. ಕತ್ತರಿ ಕೆಳಗಿಟ್ಟೆ. ‘ಯಾಕ್ರಿ ಅಣ್ಣಾರ?’ ಎಂದಳು ಶಾಂತವ್ವ. ‘ಏನಿಲ್ಲವ್ವ’ ಎಂದೆ. ಆಗಲೇ ಹೇಳಿಬಿಡಬಹುದಿತ್ತು. ಒಡೆದು ಓದಿದರೆ ತಿಳಿಯುತ್ತದಲ್ಲ, ಮೂಲೆ ಹೇಗಿದ್ದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಡೆಯದೇ ಇಡುವವರೂ ಇರುತ್ತಾರೆ ಎಂದು ನನಗೇನು ಗೊತ್ತು?

ಹೋಳಿ ಹುಣ್ಣಿಮೆಯಾದ ವಾರ, ಮಧ್ಯಾಹ್ನದ ಬಸ್ಸಿಗೆ ಫಕೀರಪ್ಪ ಇಳಿದ. ಕರಾರು ಮುಗಿದಿತ್ತು. ಮನೆಗೆ ಹೋಗಲಿಲ್ಲ, ನೆಟ್ಟಗೆ ನನ್ನ ಕಚೇರಿಗೆ ಬಂದ. ಅರ್ಧ ಆಳಾಗಿದ್ದ. ಟ್ರಂಕು ಹೊರಗೇ ಇಟ್ಟು, ನಾಲ್ಕು ಪಾಕೀಟು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಂದನ್ನೂ ಒಡೆದಿರಲಿಲ್ಲ. ಮೊದಲನೆಯದಕ್ಕೆ ಒಂದು ಮೂಲೆ ಇರಲಿಲ್ಲ.

‘ಓದಬ್ಯಾಡ್ರಿ ಮಾಸ್ತರ್ರ. ಬರೇ ಹೆಸರು ಹೇಳ್ರಿ. ಯಾರು?’

‘ಯಾಕ ಒಡೀಲಿಲ್ಲೋ ಫಕೀರಪ್ಪ?’ ಎಂದೆ.

‘ಹ್ಯಾಂಗ ಒಡೀಲ್ರಿ? ಆಕಿ ಹಡಿಯೂ ತಿಂಗಳ, ಮೂಲಿ ಇಲ್ಲದ ಪಾಕೀಟು. ನನ್ನ ಬಾಜೂಕ ಮಲಗೂ ಬಿಹಾರದಾಂವ ಅದನ್ನ ನೋಡಿದ. ತಲಿಗೆ ಸುತ್ತಿದ ಟವೆಲ್ ತಗದ. ಅವತ್ತ ನನ್ನ ಪಾಲಿನ ಇಟ್ಟಂಗಿ ಅವನ ಹೊತ್ತ. ಅವರೂರಾಗೂ ಹಂಗ ಅಂತ ತಿಳೀತು. ಶುಕ್ರವಾರ ಶುಕ್ರವಾರ ತಗದು ಬಿಸಲಿಗೆ ಹಿಡೀತಿದ್ನಿರಿ. ಒಳಗ ನಿಮ್ಮ ಅಕ್ಷರ ಕಾಣತಿದ್ವು, ಓದಾಕ ಬರತಿದ್ದಿಲ್ಲ. ಒಡದ್ರ ಆಕಿ ಹೋದ್ಲು, ಒಡೀದಿದ್ರ ಅದಾಳ. ಹಿಂಗಂತ ಮತ್ತ ಟ್ರಂಕಿನ್ಯಾಗ ಇಡತಿದ್ನಿ. ಅಲ್ಲಿ ನಾ ಒಬ್ಬನ, ಆಕೀನೂ ಇಲ್ಲಂತ ಗೊತ್ತಾದ್ರ ಮುಂಜಾನೆ ಏಳೂದ್ಯಾಕ್ರಿ?’

‘ಉಳದ ಮೂರು?’

‘ಎಲ್ಲಾ ನಿಮ್ಮ ಅಕ್ಷರನ ಅಲ್ರಿ? ಆಕಿ ಇದ್ರೂ ನಿಮ್ಮ ಅಕ್ಷರ, ಆಕಿ ಹೋದ್ರೂ ನಿಮ್ಮ ಅಕ್ಷರ. ನಾ ಏನಂತ ಬರೀಲಿ, ಯಾರಿಗಂತ ಬರೀಲಿ?’

‘ಶಾಂತವ್ವ ಅದಾಳಪ್ಪ. ಗಂಡು ಕೂಸು ಐತಿ. ಇಬ್ಬರೂ ಅರಾಮ ಅದಾರ’ ಎಂದೆ. ಅವನು ನಂಬಲಿಲ್ಲ. ಯಮನೂರಿನ ಆಣೆ ಮಾಡಿಸಿಕೊಂಡ. ಆಮೇಲೆ ಮೇಜಿನ ಮೇಲೆ ತಲೆ ಇಟ್ಟು ನಕ್ಕ. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಹೆದರಿಕೆಯ ನಗು ನಾನು ಕೇಳಿಲ್ಲ. ಬಹಳ ಹೊತ್ತಿನ ಮೇಲೆ ತಲೆ ಎತ್ತಿ, ಸಹಜವೆಂಬಂತೆ, ‘ಅವ್ವ?’ ಎಂದ.

ನನ್ನ ಕಣ್ಣು ನಾಲ್ಕನೆಯ ಪಾಕೀಟಿನ ಮೇಲೆ ಹೋಯಿತು. ನಾನು ನೋಡಿದ್ದನ್ನು ಅವನೂ ನೋಡಿದ. ಅದನ್ನು ಎತ್ತಿ ಒಂದೊಂದೇ ಮೂಲೆ ಮುಟ್ಟಿದ.

‘ಇದರ ಮೂಲಿ ಅಗದಿ ಸರಿ ಅದಾವಲ್ರಿ?’

‘ಶಾಂತವ್ವ ಹರೀಗೊಡಲಿಲ್ಲ’ ಎಂದೆ. ಯಾವಾಗ ಎಂದು ಕೇಳಿದ. ಸಂಕ್ರಮಣದ ಮುಂದೆ ಎಂದೆ. ಅವನು ಬೆರಳು ಮಡಚಿ ತಿಂಗಳು ಎಣಿಸಿದ. ಬದುಕಿದ್ದ ಹೆಂಡತಿಗಾಗಿ ಏಳು ತಿಂಗಳು ಅಂಜಿದ್ದ. ಅದರಲ್ಲಿ ಐದು ತಿಂಗಳು ತಾಯಿ ಅವನ ನಾಲ್ಕು ಅಕ್ಷರಕ್ಕೆ ಕಾಯುತ್ತಿದ್ದಳು. ‘ನನ್ನ ಕಾಗದ ಕೇಳಿದ್ಲೇನ್ರಿ?’ ಎಂದ. ‘ದಿನಾ’ ಎಂದೆ. ಸುಳ್ಳು ಹೇಳಬಹುದಿತ್ತು, ಅಲ್ಲಿ ಹೇಳಲಿಲ್ಲ.

ಸುಳ್ಳು ಹೇಳಿದ್ದು ಮುಂದೆ. ಅವನು ಮೊದಲನೆಯ ಪಾಕೀಟನ್ನು ಕೈಗೆತ್ತಿಕೊಂಡು, ‘ಹಂಗಾರ ಇದನ್ಯಾರು ಕತ್ತರಿಸಿದ್ರಿ?’ ಎಂದು ಕೇಳಿದ. ಕತ್ತರಿ ಅವನ ಮೊಣಕೈ ಹತ್ತಿರವೇ ಇತ್ತು. ನಾನು ಹೇಳಿದೆ: ‘ದೂರದ ಹಾದಿ. ಎಲ್ಲೋ ಮಿಶನ್ನಿಗೆ ಸಿಕ್ಕು ಹರದಿರಬೇಕು.’

‘ಇರಬೇಕ್ರಿ’ ಎಂದ ಫಕೀರಪ್ಪ. ಎದ್ದು ನಿಂತು ಬಗ್ಗಿ ನನ್ನ ಕಾಲು ಮುಟ್ಟಿದ. ‘ನೀವಾದ್ರೂ ಏನ ಮಾಡೀರಿ. ನಾ ಇಲ್ಲದಾಗ ಮನೀ ಮಂದಿಗೆ ಆಸರಾದ್ರಿ’ ಎಂದು ಟ್ರಂಕು ಎತ್ತಿಕೊಂಡು ಹೋದ. ಸ್ವಲ್ಪ ಹೊತ್ತಿನಲ್ಲಿ ಅವನ ಓಣಿಯಿಂದ ಹೆಂಗಸರು ಹಾಡ್ಯಾಡಿ ಅಳುವುದು ಕೇಳಿಸಿತು. ಸತ್ತವರ ಮಗ ತಡವಾಗಿ ಬಂದರೆ ಮತ್ತೆ ಮೊದಲಿನಿಂದ ಅಳುತ್ತಾರೆ. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತೆ. ಆ ವಾರವೇ ಅವನು ಕೂಸಿಗೆ ಹೆಸರಿಟ್ಟ. ಕರೆದರು, ಹೋಗಿ ಹೋಳಿಗೆ ಉಂಡು ಬಂದೆ.

ಹುಡುಗರೇ, ಇಲಿ ಕಡಿದರೆ ವರದಿ ಬರೆಯಿರಿ. ಆರು ತಿಂಗಳು ಮನೆಯಲ್ಲಿ ಕೂತರೂ ಚಿಂತೆಯಿಲ್ಲ, ಆರು ತಿಂಗಳು ಬೇಗ ಹೋಗುತ್ತವೆ. ಆ ಮಧ್ಯಾಹ್ನದಿಂದ ಇಲ್ಲಿಯವರೆಗೆ ನನಗೆ ಒಂದು ದಿನವೂ ಬೇಗ ಹೋಗಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರಾದರೂ ಇರಾಕಿನ ಮಾತೆತ್ತಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಸಾಹೇಬರು ತೀರಿಕೊಂಡರು, ನನ್ನ ಪೆನ್ಷನ್ನನ್ನು ಈಗ ಯಾರೂ ಕಸಿದುಕೊಳ್ಳುವುದಿಲ್ಲ, ಆದರೂ ಈ ನಾಲ್ಕು ಮಾತು ಬಾಯಿಗೆ ಬರಲಿಲ್ಲ. ಬಾಯಿಗೆ ಬಾರದ್ದನ್ನು ಬರೆದು ಕೊಡುವುದೇ ನನ್ನ ಕಸಬಾಗಿತ್ತಲ್ಲ, ಈಗ ನನ್ನದನ್ನು ಬರೆದಿದ್ದೇನೆ.

ಫಕೀರಪ್ಪ ಮತ್ತೆ ಎಲ್ಲಿಗೂ ಹೋಗಲಿಲ್ಲ. ನಮ್ಮ ಓಣಿಯ ಅರ್ಧ ಮನೆಗಳನ್ನು ಅವನೇ ಕಟ್ಟಿದ್ದಾನೆ. ಈಗ ತಲೆ ಬೆಳ್ಳಗಾಗಿದೆ, ಸಂಜೆ ಬಂದು ನನ್ನ ಕಟ್ಟೆಯ ಮೇಲೆ ಕೂಡುತ್ತಾನೆ. ‘ಏನೋ ಬರ್ಯಾಕ ಹತ್ತೀರಂತ, ಮುಗದಿಂದ ಮೊದಲ ನನಗ ಕೊಡ್ರಿ’ ಎಂದು ನಿನ್ನೆಯೂ ಹೇಳಿ ಹೋದ. ಅವನಿಗೆ ಓದಲು ಬರುತ್ತದೆ.